ಬೂರುಗದ ಹತ್ತಿಯ ಪಂದ್ಯ

ಆಕಾಶದ ನಕ್ಷತ್ರಗಳಿಗೆ ಒಮ್ಮೆ ದೊಡ್ಡ ಅವಮಾನವಾಯಿತು. ಅದನ್ನು ಮಾಡಿದವರು ನಮ್ಮ ಬೀದಿಯಲ್ಲಿ ಹತ್ತಿ ಹಾಸಿಗೆ ಹೊಲಿಯುವ ಹಾಸಿಗೆಯವರು.

ನಡೆದದ್ದು ಇಷ್ಟು. ಜಪಾನಿನ ಕುಸ್ತಿ ಪಂದ್ಯಗಳನ್ನು ನೋಡಿ ಅಭಿಪ್ರಾಯ ಹೇಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ಪ್ರತಿ ಪಂದ್ಯಕ್ಕೂ ಇಷ್ಟು ನಕ್ಷತ್ರ, ಅಷ್ಟು ನಕ್ಷತ್ರ ಎಂದು ಹಂಚುತ್ತಾರೆ. ಜಿಪುಣರಾದವರು ನಕ್ಷತ್ರವನ್ನು ಮುರಿದು ಅರ್ಧ, ಕಾಲು ಎಂದೂ ಕೊಡುತ್ತಾರೆ. ಈ ಸಂಗತಿಯನ್ನು ಎಲ್ಲೋ ಓದಿಕೊಂಡು ಬಂದ ಕಟಿಂಗ್ ಶಾಪಿನವನು, ಎಂದರೆ ನಾವೆಲ್ಲ ಕತ್ತರಿ ಎಂದು ಕರೆಯುವ ಆಸಾಮಿ, ಅವೇ ಪಂದ್ಯಗಳನ್ನು ನೋಡಿ ನಮಗೆಲ್ಲ ವಿಮರ್ಶೆ ಹೇಳುವ ಹಾಸಿಗೆಯವರಿಗೆ, "ನೀವೂ ಹಂಗೇ ಕೊಡಿ. ಲೋಕವೆಲ್ಲಾ ಕೊಡೋದು ಹಂಗೇ" ಎಂದ. ಹಾಸಿಗೆಯವರು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಕ್ಷತ್ರದ ಮೇಲೆ ಬಿದ್ರೆ ಬೆನ್ನಿಗೆ ಏನಾಗುತ್ತಪ್ಪಾ?" ಎಂದು ಕೇಳಿದರು.

ಅಂದಿನಿಂದ ನಮ್ಮ ಬೀದಿಯ ಮಟ್ಟಿಗೆ ನಕ್ಷತ್ರಗಳ ಆಳ್ವಿಕೆ ಮುಗಿಯಿತು, ಹತ್ತಿಯ ಆಳ್ವಿಕೆ ಶುರುವಾಯಿತು. ಬಿದ್ದವನ ಬೆನ್ನಿಗೂ ಸುಖವಿಲ್ಲ, ನೋಡಿದವನ ಕಣ್ಣಿಗೂ ಸುಖವಿಲ್ಲ ಎನ್ನುವಂಥ ಪಂದ್ಯಕ್ಕೆ ಅವರು ಕೊಡುವ ತೀರ್ಪು "ತೆಂಗಿನ ನಾರು". ನೋಡುವಾಗ ಉಬ್ಬಿ ಉಬ್ಬಿ ಕಂಡು, ಮುಗಿದ ಮೇಲೆ ಕೂತ ಗುರುತೂ ಉಳಿಯದ್ದು "ಸ್ಪಂಜು". ಮನೆತನಸ್ಥ ಪಂದ್ಯ "ಹತ್ತಿ". ಅದರಲ್ಲೂ ಒಮ್ಮೆ ಹಿಂಜಿದ್ದು, ಎರಡು ಸಲ ಹಿಂಜಿದ್ದು ಎಂಬ ಒಳಭೇದಗಳು. ಎಲ್ಲಕ್ಕಿಂತ ಮೇಲೆ, ಮೋಡಗಳ ಪಕ್ಕದಲ್ಲಿ, "ಬೂರುಗ". ಬೂರುಗದ ಹತ್ತಿಯ ಪದವಿಯನ್ನು ಅವರು ಯಾವ ಪಂದ್ಯಕ್ಕೂ ಕೊಟ್ಟಿರಲಿಲ್ಲ. ಜಪಾನಿನ ಮಲ್ಲರು ಮೂಲೆಯ ಕಂಬ ಹತ್ತಿ, ಎದುರಾಳಿಯ ಮೇಲೆ ಹಾರುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರಲ್ಲ, ಅದು "ಹಾಸಿಗೆಯವರು ಇದನ್ನಾದರೂ ಬೂರುಗ ಅಂದಾರೇ?" ಎಂಬ ಆಸೆಯಿಂದ ಎಂದು ನಂಬಿದವರು ನಮ್ಮ ಬೀದಿಯಲ್ಲಿದ್ದಾರೆ. ಹಾಗೆ ನಂಬಿದವರಲ್ಲಿ ನಾನು ಮೊದಲಿಗ.

ಅವರ ಅಂಗಡಿ ಮೂರಂತಸ್ತಿನ ಹಳೆಯ ಕಟ್ಟಡದ ಕೆಳಗಿದೆ. ಒಳಗೆ ಕಾಲಿಟ್ಟರೆ ಕಿವಿಗೆ ಯಾರೋ ಮೆತ್ತಗೆ ಅಂಗೈ ಮುಚ್ಚಿದಂತಾಗುತ್ತದೆ. ಗೋಡೆಗೆ ಒರಗಿಸಿದ ಮೂಟೆಗಳು ಬೀದಿಯ ಹಾರ್ನು, ಜಗಳ, ಪಾತ್ರೆ ಸದ್ದು ಎಲ್ಲವನ್ನೂ ಹೀರಿಕೊಂಡು ಏನೂ ಅರಿಯದವರಂತೆ ಕೂತಿರುತ್ತವೆ. ಹಿಂದಿನ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದಾಗ ಗಾಳಿಯಲ್ಲಿ ತೇಲುವ ಎಳೆಗಳು ಕಾಣುತ್ತವೆ. ಅವಕ್ಕೆ ಬೀಳುವ ಆತುರವಿಲ್ಲ, ಏಳುವ ಆತುರವಿಲ್ಲ. ಅಲ್ಲಿ ಜೋರಾಗಿ ಮಾತಾಡಲು ಬಂದವರ ದನಿಯೂ ತಾನಾಗಿ ಇಳಿಯುತ್ತದೆ. ಹಾಸಿಗೆಯ ಅಳತೆಗೆ ತಕರಾರು ತೆಗೆದು ಬಂದ ಹೆಂಗಸೊಬ್ಬಳು ಎರಡು ಮಾತಾಡುವಷ್ಟರಲ್ಲಿ ತಕರಾರು ಯಾವುದೆಂದು ಮರೆತು, ಎರಡು ದಿಂಬು ಹೇಳಿಹೋದಳು.

ಜಪಾನಿನಲ್ಲಿ ಸಂಜೆಯಾದಾಗ ನಮ್ಮಲ್ಲಿ ಮಧ್ಯಾಹ್ನ. ಆ ಹೊತ್ತಿಗೆ ಹಾಸಿಗೆಯವರು ಬಾಗಿಲ ಷಟರನ್ನು ಅರ್ಧ ಎಳೆದು, ಪಟ್ಟೆ ಬಟ್ಟೆಯ ಸುರುಳಿಗೆ ಫೋನು ಒರಗಿಸಿ, ತಾವೇ ಹೊಲಿದ, ಗಿರಾಕಿ ಇನ್ನೂ ಕೊಂಡೊಯ್ಯದ ಯಾವುದೋ ಹಾಸಿಗೆಯ ಮೇಲೆ ಕಾಲು ಚಾಚುತ್ತಾರೆ. ಅಲ್ಲಿ ವಿವರಣೆ ಹೇಳುವವನು ಜಪಾನಿ ಭಾಷೆಯಲ್ಲಿ ಕೂಗುತ್ತಾನೆ, ಪಿಸುಗುಡುತ್ತಾನೆ, ಅಳುವುದೊಂದು ಬಾಕಿ. ಹಾಸಿಗೆಯವರಿಗೆ ಒಂದಕ್ಷರ ತಿಳಿಯದು. ಮಲ್ಲರ ಹೆಸರೂ ನಾಲಿಗೆಗೆ ಹತ್ತದು. ಆದ್ದರಿಂದ ಎಲ್ಲರಿಗೂ ಅವರದೇ ನಾಮಕರಣ: ತಲೆಗೆ ಬಣ್ಣ ಹಾಕಿದವನು ಚಿನ್ನದ ಕೂದಲು, ಬ್ಯಾಂಕಿನ ಮುಖದವನು ಗುಮಾಸ್ತ, ಒಂದೇ ಬಣ್ಣದ ಉಡುಪಿನ ಹೆಣ್ಣು ಜೋಡಿ ಓರಗಿತ್ತಿಯರು.

ಪಂದ್ಯಗಳು ಮುಗಿದ ಮೇಲೆ ವಿಮರ್ಶೆ. ಅದನ್ನು ಕೇಳಲು ಕತ್ತರಿ, ನಾನು, ಇನ್ನೂ ಕೆಲವರು ಮೂಟೆಗಳ ಮೇಲೆ ಜಾಗ ಹಿಡಿಯುತ್ತಿದ್ದೆವು. ಚಿನ್ನದ ಕೂದಲಿಗೂ ಗುಮಾಸ್ತನಿಗೂ ಈಚೆಗೆ ನಡೆದ, ಗೆದ್ದವನ ಸೊಂಟಕ್ಕೆ ಬೆಲ್ಟು ಕಟ್ಟುವ ದೊಡ್ಡ ಪಂದ್ಯದ ಬಗ್ಗೆ ಅವರು ಹೇಳಿದ್ದು ಹೀಗೆ:

"ಇವನೊಂದು ಮೊಣಕೈ ಕೊಟ್ಟ, ಅವನೊಂದು ಮೊಣಕೈ ಕೊಟ್ಟ. ಪಕ್ಕದ ಮನೆಯವರು ಬಟ್ಟಲು ವಾಪಸ್ ಮಾಡ್ತಾರಲ್ಲ, ಹಂಗೆ. ಒಂದು ಸಲಾನೂ ಖಾಲಿ ಬಟ್ಟಲು ಕಳಿಸಲಿಲ್ಲ ಮಹಾರಾಯರು. ಗುಮಾಸ್ತ ಬಿದ್ದ ನೋಡಿ, ಬೆನ್ನು ಪೂರ್ತಿ ಹಾಸಿ ಬಿದ್ದ. ಸದ್ದು ಒಂದೇ ಬಂತು. ಚೂರು ಚೂರು ಸದ್ದು ಬಂದ್ರೆ ಭಯದಲ್ಲಿ ಬಿದ್ದ ಅಂತ ಅರ್ಥ. ಹತ್ತಿ. ಎರಡು ಸಲ ಹಿಂಜಿದ್ದು."

ಓರಗಿತ್ತಿಯರ ಪಂದ್ಯಕ್ಕೆ: "ಒಬ್ಬಳು ಚಿತ್ ಆಗ್ತಿದ್ರೆ ಇನ್ನೊಬ್ಬಳು ಬಂದು ಬಿಡಿಸ್ತಾಳೆ. ಬಿಡಿಸ್ತಾಳೆ, ಆದ್ರೆ ಕೂದಲೆಳೆ ತಡವಾಗಿ. ಮುಖದಲ್ಲೊಂದು ನಗು ಬೇರೆ. ಮೇಲೆ ಹತ್ತಿ, ಒಳಗೆ ಎಲ್ಲೋ ಒಂದು ಸೂಜಿ ಬಿಟ್ಟುಹೊಲಿದಿದ್ದಾರೆ."

ಆರು ಜನ ಒಟ್ಟಿಗೆ ನುಗ್ಗಿ ಕುರ್ಚಿಗಳಲ್ಲಿ ಹೊಡೆದಾಡಿದ ಪಂದ್ಯಕ್ಕೆ: "ಆರು ಜನ. ಒಬ್ಬನಿಗೂ ನೆಟ್ಟಗೆ ಬೀಳೋಕೆ ಪುರುಸೊತ್ತಿಲ್ಲ. ಸ್ಪಂಜು."

"ಅಯ್ಯೋ, ಅದೆಲ್ಲಾ ಮೊದಲೇ ಮಾತಾಡ್ಕೊಂಡಿರ್ತಾರಂತೆ ಕಣ್ರೀ," ಎಂದು ಕತ್ತರಿ ಒಮ್ಮೆ ಬಾಂಬು ಹಾಕಿದ. "ಯಾರು ಗೆಲ್ಲಬೇಕು, ಯಾರು ಸೋಲಬೇಕು, ಎಲ್ಲಾ ಒಳಗೇ ತೀರ್ಮಾನ."

"ಗೆಲ್ಲೋದನ್ನ ಮಾತಾಡ್ಕೊಳ್ಳಲಿ. ಬೀಳೋದನ್ನ ಯಾರ ಹತ್ರ ಮಾತಾಡ್ತಾರೆ? ನೆಲ ಒಪ್ಪಬೇಕಲ್ಲ?" ಎಂದರು ಹಾಸಿಗೆಯವರು. ಕತ್ತರಿ ಎದ್ದು ಗಿರಾಕಿ ನೋಡಿಕೊಳ್ಳಲು ಹೋದ.

ಈ ವಿಮರ್ಶೆಯ ನಿಜವಾದ ಭಕ್ತ ಮಾತ್ರ ಅಂಗಡಿಯಲ್ಲಿರಲಿಲ್ಲ. ಅವರು ಅದೇ ಕಟ್ಟಡದ ತುತ್ತತುದಿಯ ಕೋಣೆಯಲ್ಲಿದ್ದರು. ಹಾಸಿಗೆಯವರ ಹೆಂಡತಿಯ ಅಣ್ಣ, ಡ್ರೈವರ್ ಭಾವ. ಜೀವಮಾನವಿಡೀ ಬಸ್ಸು ಓಡಿಸಿ, ಕ್ಲಚ್ ತುಳಿದು ತುಳಿದು, ಎಡ ಮೊಣಕಾಲನ್ನು ಇಲಾಖೆಗೇ ಬಿಟ್ಟುಕೊಟ್ಟು ನಿವೃತ್ತರಾದವರು. ತಂಗಿಯ ಮನೆಯ ಮೇಲಿನ ಕೋಣೆಯಲ್ಲಿ ಗಾಳಿ ಬೆಳಕಿದೆ ಎಂದು ತಾವೇ ಅದನ್ನು ಆರಿಸಿಕೊಂಡು ಹತ್ತಿಹೋದರು. ಹತ್ತಿದ್ದೇ ಬಂತು, ಇಳಿಯಲಾಗಲಿಲ್ಲ. ಮೊದಲು ಗೋಡೆ ಹಿಡಿದು ಇಳಿಯುತ್ತಿದ್ದರು, ಆಮೇಲೆ ಕೂತು ಕೂತು ಇಳಿದರು, ಆಮೇಲೆ ಇಳಿಯುವುದನ್ನೇ ಬಿಟ್ಟರು. ಆಸ್ಪತ್ರೆಯವರು ಮೊಣಕಾಲನ್ನು ಬದಲಾಯಿಸಿದರೆ ಸಲೀಸಾಗಿ ನಡೆಯಬಹುದು, ತಡಮಾಡಿದರೆ ಇನ್ನೊಂದು ಕಾಲೂ ಕೈಕೊಡುತ್ತದೆ ಎಂದಿದ್ದರು. ಭಾವ ಒಪ್ಪಲಿಲ್ಲ.

"ಹಳೇ ಗಾಡಿಗೆ ಹೊಸ ಪಾರ್ಟು ಹಾಕಿದ್ರೆ ಮಿಕ್ಕಿದ ಪಾರ್ಟುಗಳೆಲ್ಲಾ ಮುನಿಸ್ಕೊಳ್ತವೆ. ನನಗೆ ಗೊತ್ತಿಲ್ವಾ?" ಎನ್ನುವರು.

ಅವರು ದಿನವಿಡೀ ಕಿಟಕಿಯ ಬಳಿ ಕೂತು, ಕೆಳಗೆ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳಿ ಡ್ರೈವರುಗಳನ್ನು ಬಯ್ಯುತ್ತಿದ್ದರು. ಬರಬರುತ್ತಾ ಬಯ್ಯುವುದೂ ಕಡಿಮೆಯಾಯಿತು. ತಂಗಿಗೆ ಹೆದರಿಕೆ ಹುಟ್ಟಿದ್ದು ಆಗ. ಆ ತಂಗಿ, ಎಂದರೆ ನಮ್ಮ ಹಾಸಿಗೆಯಕ್ಕ, ಬೀದಿಯೆಲ್ಲ ನಡುಗುವ ನಾಲಿಗೆಯವರು. ಅಂಥವರು ಒಂದು ದಿನ ನನ್ನೊಡನೆ, "ನಮ್ಮಣ್ಣ ಬಯ್ಯದೇ ಇದ್ರೆ ಮನೇಲಿ ಯಾರೂ ಇಲ್ಲ ಅನ್ನಿಸುತ್ತೆ" ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಭಾವನಿಗೆ ಉಳಿದ ಒಂದೇ ಆಸಕ್ತಿ ಕುಸ್ತಿ. ಅದೂ ನೋಡುವುದಲ್ಲ, ಕೇಳುವುದು. ಫೋನು ಕೊಟ್ಟರೆ ದೂರ ತಳ್ಳುವರು. "ಇಡೀ ಆಯುಸ್ಸು ಕಣ್ಣು ಮಿಟುಕಿಸದೆ ಮುಂದೆ ನೋಡಿದ್ದಾಯ್ತು. ಇನ್ನು ಬೇರೆಯವರು ನೋಡಿ ಹೇಳಲಿ." ಹೀಗಾಗಿ ಕೆಳಗಿನ ವಿಮರ್ಶೆ ಮುಗಿದ ಮೇಲೆ ಹಾಸಿಗೆಯವರು ಮೇಲೆ ಹತ್ತಿ ಅದನ್ನು ಮತ್ತೊಮ್ಮೆ, ವಿಸ್ತಾರವಾಗಿ, ಬಿದ್ದ ಸದ್ದುಗಳ ಸಮೇತ ಒಪ್ಪಿಸುವರು. ಭಾವನ ಮೆಚ್ಚಿನ ಮಲ್ಲ ಪಟ್ಟಿ ತಾತ. ಎರಡೂ ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಹಗ್ಗದ ನಡುವೆ ನುಸುಳುವಾಗಲೇ ಅರ್ಧ ಪಂದ್ಯದ ಆಯಾಸ ತೋರಿಸುವ ಮುದುಕ. ಹಾಸಿಗೆಯವರು ಅವನಿಗೆ ಯಾವ ದಯೆಯನ್ನೂ ತೋರಿದವರಲ್ಲ. ಅವನ ಕಳೆದ ಮೂರು ಪಂದ್ಯಕ್ಕೂ "ನಾರು, ನಾರು, ನಾರು" ಎಂದಿದ್ದರು, ಭಾವನ ಮುಖ ಚಿಕ್ಕದಾದದ್ದನ್ನು ಕಂಡೂ. ಆಮೇಲೆ ಪಟ್ಟಿ ತಾತ ಕಾಣೆಯಾದ. ಮೊಣಕಾಲಿನ ಆಪರೇಷನ್ ಎಂದು ಸುದ್ದಿ ಬಂತು.

ಬಹಳ ಕಾಲದ ಮೇಲೆ, ತಾತ ಮತ್ತೆ ರಿಂಗಿಗೆ ಇಳಿಯುತ್ತಾನೆ, ಅದೂ ಚಿನ್ನದ ಕೂದಲಿನ ಎದುರು, ಎಂಬ ಸುದ್ದಿಯನ್ನು ಕತ್ತರಿ ತಂದ. ಹಾಸಿಗೆಯವರು ಮೇಲೆ ಹೋಗಿ ಭಾವನಿಗೆ ತಿಳಿಸಿದರು. ಅಕ್ಕನೂ ನಾನೂ ಜೊತೆಗಿದ್ದೆವು.

ಭಾವ ಕಿಟಕಿಯಿಂದ ಇತ್ತ ತಿರುಗಿದರು. "ಕತ್ತರಿಸಿ ಹೊಲಿದ ಮೊಣಕಾಲು ತಾನೇ ಅದು?"

"ಹೌದು ಭಾವ."

"ಸರಿ ಹಂಗಾದ್ರೆ. ಅವನು ಆ ಕಾಲಲ್ಲಿ ಬಿದ್ದು, ಅದೇ ಕಾಲಲ್ಲಿ ಎದ್ದು, ಗೆದ್ದು ಬರಲಿ. ನಾನೂ ಹೋಗಿ ಮಲಗ್ತೀನಿ ಆಪರೇಷನ್ನಿಗೆ. ಅವನು ಏಳಲಿಲ್ಲ ಅಂದ್ರೆ ಇನ್ಮೇಲೆ ಆ ಮಾತು ಈ ಮನೇಲಿ ಯಾರೂ ಎತ್ತಕೂಡದು. ಏನಮ್ಮಾ? ಕೇಳಿಸ್ತಾ?"

"ಯಾವನೋ ಜಪಾನಿನವನು ಬೀಳ್ತಾನೆ ಏಳ್ತಾನೆ, ಅದಕ್ಕೂ ನಿನ್ನ ಕಾಲಿಗೂ ಏನಣ್ಣ ಸಂಬಂಧ?" ಎಂದರು ಅಕ್ಕ.

"ಮೊಣಕಾಲಿಗೆ ದೇಶ ಯಾವುದು?"

ಮೆಟ್ಟಿಲಿಳಿಯುವಾಗ ಅಕ್ಕ ಗಂಡನ ತೋಳು ಹಿಡಿದರು. "ರೀ, ಒಂದು ವೇಳೆ ಸೋತ್ರೆ?"

"ಸೋತ್ರೆ ಸೋತ ಅಂತೀನಿ."

"ಗೆದ್ದ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನನ್ನ ಗಂಟು ಹೋಗಲ್ಲ ಕಣೇ. ಆದ್ರೆ ನಾರನ್ನ ಹತ್ತಿ ಅಂತ ಹೊಲಿದು ಕೊಟ್ರೆ ಮಲಗಿದವನಿಗೆ ಗೊತ್ತಾಗಲ್ವಾ?"

ಅಕ್ಕ ಆ ವಾರವೆಲ್ಲ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಪಾತ್ರೆಗಳು ಮಾತಾಡಿದವು.

ಪಂದ್ಯ ಭಾನುವಾರ ಮಧ್ಯಾಹ್ನ. ಕತ್ತರಿಗೆ ಅಂದು ಅಂಗಡಿ ತುಂಬ ಗಿರಾಕಿ. ನಾನು ಬೇಕೆಂದೇ ಒಳಗೆ ಹೋಗದೆ ಹೊರಗೆ ಮೆಟ್ಟಿಲ ಬುಡದಲ್ಲಿ ಕೂತೆ. ಒಬ್ಬರ ಮೊಣಕಾಲಿನ ಭವಿಷ್ಯ ಜಪಾನಿನಲ್ಲಿ ಉರುಳಾಡುವುದನ್ನು ನೋಡುವ ಎದೆಗಾರಿಕೆ ನನಗಿರಲಿಲ್ಲ. ಅಕ್ಕ ಮೇಲಿನ ಮೆಟ್ಟಿಲಲ್ಲಿ ಕೂತು ದಿಂಬಿನ ಗವಸು ಹೊಲಿಯುತ್ತಿದ್ದರು. ಷಟರು ಅರ್ಧ ಇಳಿದಿತ್ತು. ಒಳಗಿನಿಂದ ಜಪಾನಿನ ಚಪ್ಪಾಳೆ, ಮಳೆಯಂತೆ, ಬಹಳ ದೂರದ ಮಳೆಯಂತೆ ಕೇಳುತ್ತಿತ್ತು. ಬೀದಿಯಲ್ಲಿ ಒಂದು ನಾಯಿ ಮಗ್ಗುಲು ಬದಲಾಯಿಸಿತು.

ಬಿಸಿಲು ಎದುರುಗೋಡೆ ಹತ್ತಿದ ಮೇಲೆ ಷಟರು ಎದ್ದಿತು. ಹಾಸಿಗೆಯವರು ಹೊರಬಂದರು. ಹುಬ್ಬಿನ ಮೇಲೆ ಹತ್ತಿ, ಮುಖದಲ್ಲಿ ಎಲ್ಲಿಗೋ ಹೋಗಿಬಂದವರ ಕಳೆ. ನನ್ನನ್ನು ನೋಡಿಯೂ ನೋಡದವರಂತೆ ಮೆಟ್ಟಿಲು ಹತ್ತಿದರು. ಅಕ್ಕ ಏನೂ ಕೇಳದೆ ಹಿಂದೆ ನಡೆದರು. ನಾನೂ.

ಭಾವ ಕೂತಲ್ಲಿಂದಲೇ, "ಹೇಳಯ್ಯಾ" ಎಂದರು.

ಹಾಸಿಗೆಯವರು ಮಂಚದ ತುದಿಗೆ ಕೂತು, ನಿಧಾನವಾಗಿ ಶುರುಮಾಡಿದರು. ಅವರು ಹಾಗೆ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ಮೊದಲು ರಿಬ್ಬನ್ ಎಸೆದ್ರು ಭಾವ. ಅಲ್ಲಿ ಜನ ಬಣ್ಣದ ಕಾಗದದ ರಿಬ್ಬನ್ ಎಸೀತಾರಲ್ಲ, ಪಂದ್ಯಕ್ಕೆ ಮುಂಚೆ. ಹಳದಿ, ಕೆಂಪು, ನೀಲಿ. ಬೀಳ್ತಾನೇ ಇತ್ತು. ನಿಲ್ಲಲೇ ಇಲ್ಲ. ಪಂದ್ಯ ಪೂರ್ತಿ ಮೇಲಿಂದ ಬೀಳ್ತಾನೇ ಇತ್ತು, ಹತ್ತಿ ಥರ."

"ಕಾಲು ಹೇಗಿತ್ತು?"

"ಪಟ್ಟಿ ಇತ್ತು. ಚಿನ್ನದ ಕೂದಲು ಅವನನ್ನ ಎತ್ತಿದ. ತಲೆ ಮೇಲಕ್ಕೆ ಎತ್ತಿ ಬಿಟ್ಟ. ತಾತ ಬೀಳೋಕೆ ಎಷ್ಟು ಹೊತ್ತು ತಗೊಂಡ ಅಂತೀರಿ! ಬೀಳ್ತಾ ಬೀಳ್ತಾ ಸುತ್ತ ನೋಡ್ದ. ಮುಂದಿನ ಸಾಲಿನಲ್ಲಿ ಕೂತವರ ಮುಖ ಒಂದೊಂದಾಗಿ ನೋಡ್ದ. ಆಮೇಲೆ ನೆಲ ಮುಟ್ಟಿದ. ಸದ್ದೇ ಇಲ್ಲ ಭಾವ. ನೆಲ ಅವನನ್ನ ಒಳಗೆ ತಗೊಂಡು, ಮತ್ತೆ ಮೇಲಕ್ಕೆ ಕೊಡ್ತು."

"ಎದ್ನಾ?"

"ಉರುಳಿ ಹಗ್ಗದ ಹೊರಗೆ ಬಿದ್ದ. ರೆಫರಿ ಎಣಿಸೋಕೆ ಶುರುಮಾಡ್ದ. ಅಲ್ಲಿ ಇಪ್ಪತ್ತರವರೆಗೂ ಎಣಿಸ್ತಾರೆ, ಗೊತ್ತಲ್ಲ. ನಡುವೆ ಎಲ್ಲೋ ರೆಫರಿಗೆ ಮುಂದಿನ ಅಂಕಿ ಮರೆತುಹೋಯ್ತು. ಜನರಿಗೂ ಮರೆತುಹೋಯ್ತು. ಎಲ್ಲರೂ ಸುಮ್ನೆ ಕೂತ್ರು. ಅವಸರ ಯಾರಿಗೂ ಇಲ್ಲ. ತಾತ ಮೊದಲು ಒಂದು ಕಾಲು ಮಡಿಸಿದ. ಆಮೇಲೆ ಆಪರೇಷನ್ ಆದ ಕಾಲು. ಬಾಗಿಲು ತೆಗೆದಷ್ಟು ಸಲೀಸು. ಎದ್ದ."

"ಎದ್ದ," ಎಂದರು ಭಾವ, ತಮ್ಮಷ್ಟಕ್ಕೇ.

"ಎದ್ದು ಒಳಗೆ ಬಂದ. ಚಿನ್ನದ ಕೂದಲು ಮೊಣಕೈ ಎತ್ತಿದ. ತಾತ ಅವನ ಮೊಣಕೈ ಹಿಡಿದು, ಮಗು ಮಲಗಿಸ್ತಾರಲ್ಲ, ಹಂಗೆ ಮಲಗಿಸ್ದ. ಅವನು ಮಲಗಿದ. ಗಂಟೆ ಹೊಡೀತು. ಎರಡು ಸಲ."

ಭಾವ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. "ಕಂಡಕ್ಟರ್ ಎರಡು ಸಲ ಗಂಟೆ ಹೊಡೆದ ಅಂದ್ರೆ ಗಾಡಿ ಹೊರಡಲಿ ಅಂತ ಕಣಯ್ಯಾ!"

"ಅದೇ. ವಿವರಣೆ ಹೇಳೋನೂ ಅದೇ ಅಂದ. ಇವತ್ತು ಯಾಕೋ ಅವನು ಹೇಳಿದ್ದೆಲ್ಲಾ ಅರ್ಥ ಆಯ್ತು ಭಾವ."

"ಕೇಳ್ತಾ ಕೇಳ್ತಾ ಭಾಷೆ ಬಂದುಬಿಡುತ್ತೆ," ಎಂದರು ಭಾವ, ಊರೂರು ತಿರುಗಿದವರ ಅನುಭವದಿಂದ.

"ಆಮೇಲೆ ತಾತ ಮೆಟ್ಟಿಲಿಳಿದ. ಯಾವುದನ್ನೂ ಹಿಡೀಲಿಲ್ಲ. ಇಳಿದ, ಇಳಿದ, ಇಳೀತಾನೇ ಹೋದ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಮಡಿಸಿ."

"ರಿಂಗಿಗೆ ಅಷ್ಟೊಂದು ಮೆಟ್ಟಿಲಿರುತ್ತಾ?" ಎಂದು ನಾನು ಬಾಯಿ ಹಾಕಿದೆ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

"ಇತ್ತು," ಎಂದರು ಹಾಸಿಗೆಯವರು, ತಮಗೂ ಅದು ಸ್ವಲ್ಪ ಸೋಜಿಗವೆನ್ನುವಂತೆ. "ಕೆಳಗೆ ಸೋತ ಹುಡುಗ ಚಪ್ಪಲಿ ತಂದಿಟ್ಟ. ತಾತ ಹಾಕ್ಕೊಂಡು ಬೀದಿಗೆ ಹೋದ."

ಕೊನೆಗೆ ಭಾವ, ತೀರ್ಪಿನ ಮಾತನ್ನು ತಾವೇ ಕೇಳಿದರು. "ಏನು ಕೊಡ್ತೀಯ?"

ಹಾಸಿಗೆಯವರು ಹುಬ್ಬಿನ ಮೇಲಿದ್ದ ಹತ್ತಿಯನ್ನು ತೆಗೆದು, ಬೆರಳಲ್ಲಿ ಹೊಸೆದು, ಕಿಟಕಿಯಿಂದ ಬಿಟ್ಟರು. "ಬೂರುಗ," ಎಂದರು.

ಮರುದಿನ ಬೆಳಿಗ್ಗೆ ಭಾವ ಆಸ್ಪತ್ರೆಗೆ ಫೋನು ಮಾಡಿ, ಡಾಕ್ಟರನ್ನು ತಡಮಾಡಿದ್ದಕ್ಕೆ ಬಯ್ದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಆ ಬೈಗುಳವನ್ನು ಸಂಗೀತ ಕೇಳಿದ ಹಾಗೆ ಕೇಳಿದರು.

ಬೂರುಗದ ಕಥೆಯನ್ನು ಆಗಲೇ ನನ್ನಿಂದ ಕೇಳಿದ್ದ ಕತ್ತರಿ ಅದೇ ದಿನ ಸಂಜೆ ಓಡುತ್ತಾ ಬಂದ. ಹಾಸಿಗೆಯವರು ಬಟ್ಟೆ ತರಲು ಹೋಗಿದ್ದರು. ಅಂಗಡಿಯಲ್ಲಿ ಅಕ್ಕನೂ ನಾನೂ ಇದ್ದೆವು.

"ಅಕ್ಕಾ, ತಾತ ಸೋತಿದ್ದಾನೆ! ನಾನು ಈಗ ಪೂರ್ತಿ ನೋಡ್ದೆ. ಗಂಟೆ ಹೊಡೆದು ಮೈ ಬಿಸಿ ಆಗೋಕೆ ಮುಂಚೆ ಚಿತ್! ಏಳೋಕೇ ಆಗಲಿಲ್ಲ, ಬೇರೆಯವರು ಬೆನ್ನ ಮೇಲೆ ಹೊತ್ಕೊಂಡು ಹೋದ್ರು. ಚಪ್ಪಲೀನೂ ಇಲ್ಲ, ಮೆಟ್ಟಿಲೂ ಇಲ್ಲ!"

ಅಕ್ಕ ಮೂಟೆಯ ಮೇಲೆ ಕೂತರು. ಆ ಮುಖದಲ್ಲಿ ಒಂದೊಂದಾಗಿ ಮೂಡಿದ್ದನ್ನು ನಾನು ಕಂಡೆ: ಮೊದಲು ಗಾಬರಿ, ಆಮೇಲೆ ಅರಿವು, ಆಮೇಲೆ ಮದುವೆಯಾದ ಹೊಸತರಲ್ಲಿ ಮಾತ್ರ ಇದ್ದಿರಬಹುದಾದ ಒಂದು ಬೆಳಕು.

"ನಮ್ಮಣ್ಣನಿಗೋಸ್ಕರ," ಎಂದರು. "ಸುಳ್ಳು ಹೇಳಿದ್ರು. ಇವರು! ಹಾಸಿಗೆ ವಿಷಯದಲ್ಲಿ ಹೆತ್ತವರಿಗೂ ಸುಳ್ಳು ಹೇಳದೋರು."

ಸುಳ್ಳೇ! ಎಂಥ ಸುಳ್ಳು! ರಾಜರು ರಾಜ್ಯ ಬಿಟ್ಟದ್ದುಂಟು, ದಾನಿಗಳು ಮೈಯ ಚರ್ಮ ಬಿಟ್ಟದ್ದುಂಟು. ಆದರೆ ವಿಮರ್ಶಕನೊಬ್ಬ ತನ್ನ ಬೂರುಗವನ್ನು, ಆಯುಸ್ಸಿನಲ್ಲಿ ಒಮ್ಮೆಯೂ ಯಾರಿಗೂ ಕೊಡದೆ ಕಾಪಾಡಿಕೊಂಡಿದ್ದ ಬೂರುಗವನ್ನು, ಹೆಂಡತಿಯ ಅಣ್ಣನ ಎಡ ಮೊಣಕಾಲಿಗಾಗಿ ಒಂದು ಸುಳ್ಳಿನ ಮೇಲೆ ಸುರಿದದ್ದು ಇದೇ ಮೊದಲು. ನನಗಂತೂ ಮೈಯೆಲ್ಲ ಜುಂ ಎಂದಿತು. ನಕ್ಷತ್ರಗಳ ಕಡೆಯವನಾಗಿದ್ದ ಕತ್ತರಿ ಕೂಡ ಆ ಗಳಿಗೆಯಲ್ಲಿ ಮತಾಂತರಗೊಂಡ.

"ಯಾರೂ ಈ ಮಾತನ್ನ ಅವರೆದುರು ಎತ್ತಬೇಡಿ," ಎಂದು ಅಕ್ಕ ಅಪ್ಪಣೆ ಮಾಡಿದರು. "ಪಾಪ, ಒಳಗೊಳಗೇ ಎಷ್ಟು ನೊಂದ್ಕೊಂಡಿದ್ದಾರೋ. ಇನ್ನು ಅಣ್ಣನ ಕಿವಿಗೆ ಬಿತ್ತೋ, ಕತ್ತರೀ, ನಿನ್ನ ತಲೆ ನಾನೇ ಬೋಳಿಸ್ತೀನಿ."

ಒಳಗೊಳಗೇ ನೊಂದವರು ಬಟ್ಟೆಯ ಸುರುಳಿ ಹೆಗಲ ಮೇಲಿಟ್ಟುಕೊಂಡು ಹಾಡು ಗುನುಗುತ್ತಾ ಬಂದರು. ರಾತ್ರಿ ಅವರಿಗೆ ಎರಡು ಸಲ ಬಡಿಸಲಾಯಿತಂತೆ. ಬೀದಿಯವರು ಅವರನ್ನು ಕಂಡರೆ ಸ್ವಲ್ಪ ತಲೆ ಬಾಗಿಸತೊಡಗಿದರು. ಅವರು ಮಾತ್ರ ಷರ್ಟಿಗೆ ಏನಾದರೂ ಮೆತ್ತಿಕೊಂಡಿದೆಯೇ ಎಂದು ನೋಡಿಕೊಳ್ಳುತ್ತಿದ್ದರು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಭಾವ, ಗಡ್ಡ ತೆಗೆಯಲು ಕತ್ತರಿಯನ್ನು ಮೇಲಕ್ಕೆ ಕರೆಸಿದರು. ಅಕ್ಕ ಬಾಗಿಲಲ್ಲೇ ಕೂತು ಗವಸು ಹೊಲಿಯುತ್ತಿದ್ದರು. ಆ ಗವಸಿಗೆ ಅಂದು ಅಷ್ಟು ಅವಸರವೇನೂ ಇರಲಿಲ್ಲ.

ನೊರೆಯ ಒಳಗಿನಿಂದ ಭಾವ ಕೇಳಿದರು. "ತಾತನ ಪಂದ್ಯ ಕೇಳಿದೆಯೇನೋ?"

"ಕೇಳ್ದೆ."

"ನೀನು ನೋಡಲಿಲ್ವಾ?"

ಕತ್ತರಿ ಅಕ್ಕನ ಕಡೆ ನೋಡಿದ. ಅಕ್ಕ ದಾರವನ್ನು ಹಲ್ಲಿನಿಂದ ಕಟ್ಟೆಂದು ಕಡಿದರು.

"ಬೂರುಗ ಅಂತಲ್ಲಾ," ಎಂದ ಕತ್ತರಿ. "ಬೂರುಗದ ಮೇಲೆ ನಾನೇನು ನೋಡೋದು?"

"ಕೈ ಯಾಕೋ ನಿಲ್ಲಿಸಿದೆ?"

"ಬ್ಲೇಡು ಹೊಸದು, ಡ್ರೈವರ್ ಭಾವ."

ಗಿರಾಕಿಯ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡು ಪ್ರಾಣಭಯಪಟ್ಟವನು ಕ್ಷೌರದ ಚರಿತ್ರೆಯಲ್ಲೇ ತಾನೊಬ್ಬ ಎಂದು ಕತ್ತರಿ ಆಮೇಲೆ ಹೇಳಿಕೊಂಡ.

ಆಪರೇಷನ್ ಚೆನ್ನಾಗಿ ಆಯಿತು. ಭಾವ ಕೆಲವು ವಾರ ನರ್ಸುಗಳನ್ನೂ, ಆಮೇಲೆ ಕೆಲವು ವಾರ ವ್ಯಾಯಾಮ ಮಾಡಿಸಲು ಬರುತ್ತಿದ್ದವನನ್ನೂ ಬಯ್ದರು. ಒಂದೊಂದು ಸಲ ಕಾಲು ಮಡಿಸುವಾಗಲೂ, "ಬಾಗಿಲು ತೆಗೆದಷ್ಟು ಸಲೀಸು" ಎಂದು ಹಲ್ಲು ಕಚ್ಚಿಕೊಂಡು ಹೇಳಿಕೊಳ್ಳುತ್ತಿದ್ದರಂತೆ. ಸಲೀಸಾಗಿರಲಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಮಡಿಸಿದರು.

ಒಂದು ಮಧ್ಯಾಹ್ನ ನಾವು ಅಂಗಡಿಯಲ್ಲಿ ಕೂತಿದ್ದೆವು. ಹಾಸಿಗೆಯವರು ನೆಲದ ಮೇಲೆ ಹಾಸಿಗೆ ಹರಡಿ ಅಂಚು ಹೊಲಿಯುತ್ತಿದ್ದರು. ಮೆಟ್ಟಿಲ ಕಡೆಯಿಂದ ಹೆಜ್ಜೆ ಸದ್ದು ಬಂತು. ಒಂದು ಹೆಜ್ಜೆ, ತಡೆದು ಇನ್ನೊಂದು. ಅಕ್ಕ ಹಿಂದಿನಿಂದ "ನಿಧಾನ ಅಣ್ಣ, ಗೋಡೆ ಹಿಡ್ಕೋ" ಎನ್ನುತ್ತಿದ್ದರು. "ತಾತ ಹಿಡಿದ್ನೇನೇ?" ಎಂದು ಗದರಿಸಿದ ದನಿ. ಬಾಗಿಲಲ್ಲಿ ಡ್ರೈವರ್ ಭಾವ ಕಾಣಿಸಿದರು, ಬೀದಿಯ ಬೆಳಕನ್ನು ಬೆನ್ನಿಗೆ ಹಾಕಿಕೊಂಡು. ಅವರ ಹೆಗಲ ಸುತ್ತ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿದ್ದವು.

ಕತ್ತರಿಯ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಂದದ್ದು ಆಗ ಉಕ್ಕಿತು.

"ಇನ್ನಾದ್ರೂ ಹೇಳ್ಬಹುದಲ್ವಾ ಅಕ್ಕಾ? ಕಾಲು ಹೇಗೂ ಬಂತಲ್ಲಾ! ಡ್ರೈವರ್ ಭಾವ, ತಾತ ಗೆಲ್ಲಲೇ ಇಲ್ಲ. ಸೋತು, ಹೊತ್ಕೊಂಡು ಹೋದ್ರು ಅವನನ್ನ. ಇವರು ನಿಮಗೋಸ್ಕರ ಕಟ್ಟಿ ಹೇಳಿದ್ದು ಅಷ್ಟೂ!"

ಅಕ್ಕ ಹಣೆ ಹಿಡಿದುಕೊಂಡರು. ಭಾವನ ಮುಖದಲ್ಲಿ ಒಂದು ಕ್ಷಣ ಹಳೆಯ ಕಿಟಕಿಯ ಬಳಿಯ ಮೌನ ಬಂದು ಕೂತಿತು, ಎದ್ದು ಹೋಯಿತು. ಅವರು ತಮ್ಮ ಎಡಗಾಲನ್ನು ನೋಡಿಕೊಂಡರು. ನಿಂತಿತ್ತು. ಸೋತವನ ಲೆಕ್ಕದಲ್ಲಿ ಬಂದ ಕಾಲಾದರೂ ಅದು ಗೆದ್ದವನ ಹಾಗೇ ನಿಂತಿತ್ತು. ಅವರು ಏನನ್ನೂ ಹಿಡಿಯದೆ ನಡೆದು, ಹಾಸಿಗೆಯವರ ಎದುರು ಬಂದರು.

"ನೀನು ನಿನ್ನ ತಂಗಿ ಮದುವೆ ಹಾಸಿಗೆಗೂ ನಾರು ಅಂದವನು ಕಣಯ್ಯಾ. ನನ್ನೊಬ್ಬನ ಕಾಲಿಗೋಸ್ಕರ ಅಂಥಾ ಸುಳ್ಳು ಹೇಳಿದ್ಯಾ? ಬೂರುಗ ಅಂತ?"

ಅಂಗಡಿಯೆಲ್ಲ ಕಿವಿಯಾಯಿತು. ಮೂಟೆಗಳೂ ಒಂದಿಷ್ಟು ಮುಂದಕ್ಕೆ ಬಾಗಿದವೆಂದು ನಾನು ಪ್ರಮಾಣ ಮಾಡಬಲ್ಲೆ. ಹಾಸಿಗೆಯವರು ದಬ್ಬಣ ತಡೆದು, ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಸುಳ್ಳು ಯಾಕೆ ಹೇಳ್ಲಿ ಭಾವ? ಊಟ ಸ್ವಲ್ಪ ಜಾಸ್ತಿ ಆಗಿತ್ತು. ರಿಬ್ಬನ್ ಎಸೆಯೋವರೆಗೂ ನೋಡ್ದೆ, ಆಮೇಲೆ ಕಣ್ಣು ಹತ್ತಿಬಿಡ್ತು. ಎದ್ದಾಗ ಅಲ್ಲಿ ರಿಬ್ಬನ್ ಕಸ ಗುಡಿಸ್ತಿದ್ರು. ನಡುವೆ ಏನು ಕಂಡ್ನೋ ಅದನ್ನ ಹೇಳ್ದೆ. ಸ್ವಲ್ಪ ಆ ಕಾಲು ಎತ್ತಿ, ದಾರ ತುಳಿದಿದ್ದೀರ."